ಆ ಸಣ್ಣ ಗೆರಿ ಎಲ್ಲಿ ಹೋತ್ರೀ?

ಬೆಳಗಾವಿಯ ಕೋರ್ಟಿನ ಹತ್ತಿರ ಗೆಳೆಯನೊಬ್ಬನ ಟೈಪಿಂಗ್ ಅಂಗಡಿ. ಎರಡು ಹಳೆಯ ಕಂಪ್ಯೂಟರು, ಒಂದು ಝೆರಾಕ್ಸ್ ಮಷೀನು. ವೈರಸ್ ಕಾಟ ತಪ್ಪಲೆಂದು ನಾನೇ ಅಲ್ಲಿ ವಿಂಡೋಸ್‌ನ ಜಾಗದಲ್ಲಿ ಬಳಸುವ ಮುಕ್ತ ತಂತ್ರಾಂಶ ಲಿನಕ್ಸ್ ಹಾಕಿಕೊಟ್ಟಿದ್ದೆ. 2011ರ ಮಳೆಗಾಲದಲ್ಲಿ ಹೊಸ ಆವೃತ್ತಿ ಹಾಕಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಟೈಪಿಂಗ್ ಹುಡುಗನ ಫೋನು: “ಅಣ್ಣಾರ, ವಿಂಡೋ ಕೆಳಗ ಇಳಸೂ ಆ ಸಣ್ಣ ಗೆರಿ ಎಲ್ಲಿ ಹೋತ್ರೀ?”

ಆ ಗೆರೆ ನಿಜವಾಗಿಯೂ ಹೋಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3 ಡೆಸ್ಕ್‌ಟಾಪ್ (ಲಿನಕ್ಸ್‌ನಲ್ಲಿ ಪರದೆ, ವಿಂಡೋ, ಮೆನುಗಳನ್ನು ತೋರಿಸುವ ತಂತ್ರಾಂಶ) ಮಿನಿಮೈಜ್, ಮ್ಯಾಕ್ಸಿಮೈಜ್ ಬಟನ್‌ಗಳನ್ನು ತೆಗೆದುಹಾಕಿತ್ತು. ಕೆಳಗಿನ ಟಾಸ್ಕ್‌ಬಾರ್ ಇಲ್ಲ, ಪರದೆಯ ಮೇಲೆ ಐಕಾನ್‌ಗಳೂ ಇಲ್ಲ. ಮಾಡಿದವರ ತರ್ಕ ಸರಳ: ಟಾಸ್ಕ್‌ಬಾರೇ ಇಲ್ಲದ ಮೇಲೆ ಕೆಳಗಿಳಿಸಿದ ವಿಂಡೋ ಹೋಗಿ ಕೂರುವುದೆಲ್ಲಿ? ಮೌಸನ್ನು ಮೂಲೆಗೆ ಒಯ್ದರೆ ತೆರೆದಿದ್ದೆಲ್ಲ ಒಮ್ಮೆಗೇ ಕಾಣುತ್ತದಲ್ಲ! ತರ್ಕದಲ್ಲಿ ಹುಳುಕಿಲ್ಲ. ಆದರೆ ಅಫಿಡವಿಟ್‌ಗೆ ಕಾದು ನಿಂತ ನಾಲ್ಕು ಮಂದಿಗೆ ಈ ತರ್ಕ ಹೇಳಿ ಸಮಾಧಾನ ಮಾಡಲಾಗುತ್ತದೆಯೇ?

ಈ ಜಗಳದ ಬೇರು ಇನ್ನೂ ಹಿಂದಿದೆ. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಕೆಡಿಇ ಎಂಬ ಡೆಸ್ಕ್‌ಟಾಪ್ ಆರಂಭಿಸಿದರು. ಅದು ನೆಚ್ಚಿಕೊಂಡಿದ್ದ ಕ್ಯೂಟಿ ಎಂಬ ತಂತ್ರಾಂಶದ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದು ಸರಿಬರದೆ 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಶುರುಮಾಡಿದರು. ಮೊದಮೊದಲು ಎರಡೂ ಕಡೆ ಸೆಟ್ಟಿಂಗ್‌ಗಳ ಜಾತ್ರೆ. 2002ರಲ್ಲಿ ಗ್ನೋಮ್ 2 ಬರುವಾಗ ಗಾಳಿ ತಿರುಗಿತು. ಗ್ನೋಮ್‌ನ ಹಾವೊಕ್ ಪೆನಿಂಗ್ಟನ್ ಆಗ ಬರೆದದ್ದರ ಸಾರ ಇಷ್ಟು: ಪ್ರತಿಯೊಂದು ಆಯ್ಕೆಗೂ ಬೆಲೆಯಿದೆ. ಆನ್-ಆಫ್ ಮಾಡುವ ಹತ್ತು ಆಯ್ಕೆ ಇಟ್ಟರೆ ಅವುಗಳ ಕೂಡಿಕೆ ಸಾವಿರದಾಚೆ, ಅಷ್ಟನ್ನೂ ಪರೀಕ್ಷಿಸುವವರು ಯಾರು?

ನನಗೆ ಈ ವಾದ ಅಂದೂ ಒಪ್ಪಿಗೆ, ಇಂದೂ ಒಪ್ಪಿಗೆ. ತಕರಾರು ಇರುವುದು ಬೇರೆ ಕಡೆ. ಆಯ್ಕೆಯನ್ನು ಇಟ್ಟುಕೊಳ್ಳುವ ಬೆಲೆ ಬರೆಯುವವನಿಗೆ ಕಾಣುತ್ತದೆ. ತೆಗೆದುಹಾಕಿದ್ದರ ಬೆಲೆ ತೆರುವವನು ದೂರದಲ್ಲೆಲ್ಲೋ ಇರುತ್ತಾನೆ, ಲೆಕ್ಕಕ್ಕೇ ಸಿಗುವುದಿಲ್ಲ.

ಹಾಗೆಂದು ಸಿಟ್ಟಾದವರು ಸಾಮಾನ್ಯರು ಮಾತ್ರವೇ ಅಲ್ಲ. ಬಳಕೆದಾರರನ್ನು ದಡ್ಡರೆಂದು ತಿಳಿದರೆ ಕೊನೆಗೆ ದಡ್ಡರೇ ಉಳಿಯುತ್ತಾರೆ ಎಂದು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲೇ ಗ್ನೋಮ್ ಮೇಲೆ ಹರಿಹಾಯ್ದಿದ್ದರು, ಕೆಡಿಇ ಬಳಸಿ ಎಂದಿದ್ದರು. 2008ರಲ್ಲಿ ಕೆಡಿಇ 4.0 ಅರೆಬೆಂದು ಬಂದಾಗ ಅದನ್ನೂ ಬಿಟ್ಟು ಗ್ನೋಮ್‌ಗೆ ಬಂದರು. 2011ರಲ್ಲಿ ಗ್ನೋಮ್ 3 ಕಂಡು ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿಗೆ ಹೋದರು. 2013ರ ಹೊತ್ತಿಗೆ ಮತ್ತೆ ಗ್ನೋಮ್! ಇತ್ತ ಉಬುಂಟು ಎಂಬ ಲಿನಕ್ಸ್ ಆವೃತ್ತಿ 2010ರಲ್ಲಿ ವಿಂಡೋದ ಬಟನ್‌ಗಳನ್ನು ಬಲದಿಂದ ಎಡಕ್ಕೆ ಸರಿಸಿತು. ವಿರೋಧ ಎದ್ದಾಗ ಉಬುಂಟು ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಇದು ಪ್ರಜಾಪ್ರಭುತ್ವವಲ್ಲ ಎಂದು ನೇರವಾಗಿಯೇ ಹೇಳಿದರು. ಮರುವರ್ಷ ಅವರದೇ ಯೂನಿಟಿ ಡೆಸ್ಕ್‌ಟಾಪ್ ಬಂತು, 2017ರಲ್ಲಿ ಅದನ್ನೂ ಕೈಬಿಟ್ಟು ಉಬುಂಟು ಗ್ನೋಮ್‌ಗೇ ಮರಳಿತು.

“ಸರಿ ಇಲ್ಲಂದ್ರ ನೀವ ಮಾಡ್ಕೊಳ್ರಿ” ಎನ್ನುವುದು ಈ ಮುಕ್ತ ತಂತ್ರಾಂಶ ಲೋಕದ ಹಳೆಯ ಉತ್ತರ. ಮೂಲ ಕೋಡ್ ಎಲ್ಲರ ಕೈಗೆ ಸಿಗುವುದರಿಂದ ಅದು ಬರೀ ಬಾಯಿಮಾತೂ ಅಲ್ಲ. ಅರ್ಜೆಂಟೀನಾದ ಬಳಕೆದಾರನೊಬ್ಬ ಗ್ನೋಮ್ 2ರ ಕೋಡ್ ತೆಗೆದುಕೊಂಡು ‘ಮಾತೆ’ ಡೆಸ್ಕ್‌ಟಾಪ್ ಕಟ್ಟಲು ಕೂತ. (ಹೆಸರು ಅಲ್ಲಿನ ಒಂದು ಸೊಪ್ಪಿನ ಪೇಯದ್ದು, ನಮ್ಮ ಕಿವಿಗೆ ಅಮ್ಮನೇ.) ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಆವೃತ್ತಿಯ ಬಳಗ ಸಿನಮನ್ ಡೆಸ್ಕ್‌ಟಾಪ್ ಮಾಡಿತು. 2012ರಲ್ಲಿ ಗ್ನೋಮ್‌ನ ಫೈಲ್ ಮ್ಯಾನೇಜರಿನಿಂದ ಎರಡು ಫೋಲ್ಡರುಗಳನ್ನು ಅಕ್ಕಪಕ್ಕ ತೋರಿಸುವ ಸೌಲಭ್ಯ ಹೋದಾಗ, ಅದನ್ನು ಉಳಿಸಿಕೊಂಡ ನೀಮೊ ಹುಟ್ಟಿದ್ದೂ ಮಿಂಟ್‌ನಲ್ಲೇ. ಕೋಡ್ ಬರೆಯುವವನ ಸಿಟ್ಟಿನಿಂದ ಹೊಸ ಕವಲು ಒಡೆಯುತ್ತದೆ. ಟೈಪಿಂಗ್ ಹುಡುಗನ ಸಿಟ್ಟು ನನ್ನ ಫೋನಿಗೆ ಬಂದು ನಿಲ್ಲುತ್ತದೆ.

ಗೆರೆಯ ಕಥೆ ಹೇಗೋ ಮುಗಿಯಿತು. ನಮ್ಮ ಊರಿಗೆ ನಿಜವಾಗಿ ತಟ್ಟಿದ್ದು ಅದಾದ ಮೇಲಿನದು. ಆ ಅಂಗಡಿಯಲ್ಲಿ ಒಂದು ಅರ್ಜಿ ಕನ್ನಡದಲ್ಲಿ, ಮುಂದಿನದು ಮರಾಠಿಯಲ್ಲಿ, ನಡುವೆ ಇಂಗ್ಲಿಷ್ ವಿಳಾಸ. ಲಿನಕ್ಸ್‌ನಲ್ಲಿ ಟೈಪಿಂಗ್ ಭಾಷೆ ಬದಲಿಸುವ ಐಬಸ್ ಎಂಬ ತಂತ್ರಾಂಶದಲ್ಲಿ ಮೊದಲು ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್. 1.5ನೇ ಆವೃತ್ತಿಯಲ್ಲಿ ಆ ಆನ್-ಆಫ್ ಪದ್ಧತಿಯೇ ಹೋಯಿತು. ಇಂಗ್ಲಿಷೂ ಪಟ್ಟಿಯಲ್ಲಿನ ಒಂದು ಭಾಷೆಯಾಯಿತು, ಕೀಲಿ ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್ ಆಯಿತು. ಚೀನೀ, ಜಪಾನಿ ಟೈಪ್ ಮಾಡುವವರೂ ಇದಕ್ಕೆ ಗದ್ದಲ ಎಬ್ಬಿಸಿದರು. ಗ್ನೋಮ್‌ನಲ್ಲಂತೂ ಪಟ್ಟಿಯ ಕ್ರಮ ಕೊನೆಗೆ ಬಳಸಿದ್ದನ್ನು ಅನುಸರಿಸಿ ಬದಲಾಗುತ್ತದೆ. ಎರಡೇ ಭಾಷೆ ಇದ್ದವರಿಗೆ ಇದು ಗೊತ್ತೂ ಆಗುವುದಿಲ್ಲ. ಮೂರಿದ್ದರೆ, ಎಷ್ಟು ಸಲ ಒತ್ತಿದರೆ ಮರಾಠಿ ಬರುತ್ತದೆಂದು ಬೆರಳಿಗೆ ರೂಢಿಯಾಗುವುದೇ ಇಲ್ಲ. “ಒಮ್ಮೆ ಒತ್ತಿದ್ರ ಕನ್ನಡ ಬರ್ತೈತಿ, ಒಮ್ಮೆ ಒತ್ತಿದ್ರ ಇಂಗ್ಲಿಷ್. ನೋಡಕೋತ ಟೈಪ್ ಮಾಡೂದಾದ್ರ ಕಲ್ತದ್ದ ಯಾಕ್ರೀ?” ಎಂದು ಹುಡುಗ ಕೇಳಿದ್ದ.

ದೂರು ಬರೆದು ಹಾಕು, ಅವರು ಓದುತ್ತಾರೆ ಎಂದೆ. ಫಾರ್ಮ್ ತೆರೆದು ನೋಡಿದ. ಯಾವ ಆವೃತ್ತಿ, ಯಾವ ಘಟಕ, ದೋಷ ಮರುಕಳಿಸುವ ಹಂತಗಳು ಯಾವುವು, ಎಲ್ಲ ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ಗಿರಾಕಿ ಬಂದರು, ಮುಚ್ಚಿಬಿಟ್ಟ. ಸಂಜೆ ನಾನು ಹೋಗಿ ಎರಡೂ ಕಂಪ್ಯೂಟರಿಗೆ ಮಾತೆ ಹಾಕಿ, ಮೂರು ಭಾಷೆಗೂ ಬೇರೆ ಬೇರೆ ಶಾರ್ಟ್‌ಕಟ್ ಕಟ್ಟಿಕೊಟ್ಟೆ. ಒಂದು ಸಣ್ಣ ಸ್ಕ್ರಿಪ್ಟ್ ಅಷ್ಟೆ, ಹತ್ತು ಸಾಲೂ ಇಲ್ಲ.