ಆ ಸ್ಕ್ರೂ ಈಗ ಇಲ್ಲ ಸ್ವಾಮಿ

"ಸ್ವಲ್ಪ ಐಡ್ಲಿಂಗ್ ಜಾಸ್ತಿ ಮಾಡಿ ಕೊಡಿ, ಅಷ್ಟು ಸಾಕು."

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗುತ್ತದೆ ಎಂದು ನನ್ನ ವರ್ಕ್‌ಶಾಪ್‌ಗೆ ಕಾರು ತರುವವರು ಕೀ ಕೊಡುವ ಮುಂಚೆಯೇ ಹೇಳುವ ಮಾತಿದು. ಐಡ್ಲಿಂಗ್ ಅಂದರೆ ಗಾಡಿ ನಿಂತಿರುವಾಗ ಆಕ್ಸಿಲರೇಟರ್ ಒತ್ತದೆ ಎಂಜಿನ್ ತಾನಾಗಿ ತಿರುಗುವುದು. ಕಾಯಿಲೆ ಏನೆಂದು ಅವರೇ ನೋಡಿಯಾಗಿದೆ, ಔಷಧಿ ಚೀಟಿಯನ್ನೂ ಬರೆದಾಗಿದೆ. ನಾನು ಸ್ಕ್ರೂ ಒಂದು ಸುತ್ತು ತಿರುಗಿಸಬೇಕು, ಅಷ್ಟೇ.

ಆ ಸ್ಕ್ರೂ ಇದ್ದದ್ದು ಕಾರ್ಬುರೇಟರ್ ಕಾಲದಲ್ಲಿ. ಫ್ಯೂಯೆಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಐಡ್ಲಿಂಗ್ ನೋಡಿಕೊಳ್ಳುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಕೆಲವು ಕಾರುಗಳಲ್ಲಿ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಮೇಲೆ ಈಗಲೂ ಒಂದು ಪುಟ್ಟ ಸ್ಕ್ರೂ ಕಾಣುತ್ತದೆ, ನಿಜ. ಅದು ಒಳಗಿನ ಬಾಗಿಲು, ಅಂದರೆ ಥ್ರಾಟಲ್ ಪ್ಲೇಟ್, ಪೂರ್ತಿ ಮುಚ್ಚಿ ಕಚ್ಚಿಕೊಳ್ಳದಿರಲೆಂದು ಇಟ್ಟಿರುವ ತಡೆ. ಅಲುಗದಿರಲೆಂದು ಎಷ್ಟೋ ಕಡೆ ಅದರ ತಲೆಗೆ ಬಣ್ಣ ಬಳಿದಿರುತ್ತಾರೆ. ಆ ಬಣ್ಣ ಕೆದರಿಹೋಗಿದ್ದರೆ, ನನಗಿಂತ ಮುಂಚೆ ಯಾರೋ ಗಿರಾಕಿಯ ಮಾತು ಕೇಳಿದ್ದಾರೆ ಎಂದು ಗೊತ್ತಾಗುತ್ತದೆ. ಆಮೇಲೆ ಇರುವ ತೊಂದರೆಯ ಜೊತೆ ಅವರು ಮಾಡಿಟ್ಟ ತೊಂದರೆಯನ್ನೂ ಹುಡುಕಬೇಕು.

ಎರಡನೇ ಮಾತು ಇನ್ನೂ ಗಟ್ಟಿ. "ರೋಡಲ್ಲಿ ಬೆಣ್ಣೆ ಥರ ಹೋಗುತ್ತೆ ಸಾರ್. ನಿಂತಾಗ ಮಾತ್ರ ಆಫ್ ಆಗುತ್ತೆ. ಅಂದ್ರೆ ಎಂಜಿನ್ ಚೆನ್ನಾಗೇ ಇದೆ ಅಲ್ವಾ?"

ಐಡ್ಲಿಂಗ್ ಅಂದರೆ ಎಂಜಿನ್ ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತು ಅಂದುಕೊಂಡವರ ಮಾತಿದು. ನಾನು ಸೈಕಲ್ ನೆನಪಿಸುತ್ತೇನೆ. ಜೋರಾಗಿ ಹೋಗುವಾಗ ಎಂಥವರೂ ಬ್ಯಾಲೆನ್ಸ್ ಮಾಡುತ್ತಾರೆ. ಆಮೆ ಥರ ನಿಧಾನಕ್ಕೆ ತುಳಿಯಲು ಹೇಳಿ ನೋಡಿ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ಒದ್ದಾಡುತ್ತದೆ.

ಬಿಸಿಯಾದ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 700–800 ಸುತ್ತು ತಿರುಗುತ್ತದೆ. ಥ್ರಾಟಲ್ ಪ್ಲೇಟ್ ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಎಂಜಿನ್ ಎಳೆಯುತ್ತಲೇ ಇರುತ್ತದೆ, ಗಾಳಿಗೆ ಬಾಗಿಲಿಲ್ಲ. ಹಾಗಾಗಿ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆ, ಅಂದರೆ ಮ್ಯಾನಿಫೋಲ್ಡ್, ಒಳಗಿನ ಒತ್ತಡ ಹೊರಗಿನದರ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಈಗ ಯಾವುದಾದರೂ ರಬ್ಬರ್ ಪೈಪ್ ಸೀಳಿದ್ದರೆ ಹೊರಗಿನ ಗಾಳಿ ಅಲ್ಲಿಂದ ನುಗ್ಗುತ್ತದೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಮುಂದಿನ ಬಾಗಿಲಲ್ಲಿ ಬಂದ ಗಾಳಿಯನ್ನು ಅಳೆದು ಇಸಿಯು ಪೆಟ್ರೋಲ್ ಹಾಕುತ್ತದೆ. ಹಿತ್ತಿಲಿಂದ ನುಸುಳಿದ್ದು ಅದರ ಲೆಕ್ಕಕ್ಕೇ ಸಿಗುವುದಿಲ್ಲ. ಮಿಕ್ಸ್‌ಚರ್ ತೆಳುವಾಗುತ್ತದೆ, ಎಂಜಿನ್ ನಡುಗಿ ನಿಲ್ಲುತ್ತದೆ.

ರೋಡಲ್ಲಿ ಯಾಕೆ ಗೊತ್ತಾಗಲ್ಲ? ಸೀಳು ಅಲ್ಲೇ ಇದೆ. ಆದರೆ ಪ್ಲೇಟ್ ತೆರೆದಾಗ ಎಂಜಿನ್ ಕುಡಿಯುವ ಗಾಳಿ ಎಷ್ಟೋ ಪಟ್ಟು ಜಾಸ್ತಿ, ಒಳಗಿನ ಸೆಳೆತವೂ ಕಮ್ಮಿ. ಒಂದು ಚಮಚ ಉಪ್ಪು ಲೋಟದ ನೀರಿಗೆ ಬಿದ್ದರೆ ಬಾಯಿಗಿಡಲು ಆಗುವುದಿಲ್ಲ, ಹಂಡೆಗೆ ಬಿದ್ದರೆ ಗೊತ್ತೂ ಆಗುವುದಿಲ್ಲ. ಉಪ್ಪು ಮಾತ್ರ ಅದೇ ಒಂದು ಚಮಚ.

ಸ್ಕ್ಯಾನರ್ ಹಾಕಿದಾಗ ನಾನು ಇಸಿಯು ಬರೆದಿಟ್ಟ ತೊಂದರೆಯ ಕೋಡ್‌ಗಿಂತ ಮುಂಚೆ ಫ್ಯೂಯೆಲ್ ಟ್ರಿಮ್ ನೋಡುವುದು ಇದಕ್ಕೇ. ಹೊಗೆಯನ್ನು ಅಳೆದು ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚುಕಮ್ಮಿ ಮಾಡಿಕೊಂಡಿದೆ ಎಂಬ ಅಂಕಿ ಅದು. ಐಡ್ಲಿಂಗ್‌ನಲ್ಲಿ ಇಸಿಯು 20 ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಸುರಿಯುತ್ತಿದೆ, 2500 ಸುತ್ತಿಗೆ ಏರಿಸಿದರೆ ಅದು ಮಾಮೂಲಿಗೆ ಇಳಿಯುತ್ತದೆ ಅಂದರೆ ನನ್ನ ಕೈ ಮೊದಲು ಪೈಪುಗಳ ಕಡೆ ಹೋಗುತ್ತದೆ. ಇದು ಗಾಳಿಯನ್ನು ನೇರವಾಗಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯ ಮಾತು. ಬರೀ ಮ್ಯಾನಿಫೋಲ್ಡ್ ಒತ್ತಡ ನೋಡಿ ಲೆಕ್ಕ ಹಾಕುವ ಗಾಡಿಯಲ್ಲಿ ಅದೇ ಲೀಕ್‌ಗೆ ಐಡ್ಲಿಂಗ್ ಏರಿ ಕೂರಲೂಬಹುದು. ಇನ್ನು ಹೊಗೆಯಲ್ಲಿ ಒಂದಿಷ್ಟನ್ನು ವಾಪಸ್ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿರಬಹುದು. ಗಾಡಿ ನೋಡದೆ ನಾನು ಯಾವುದನ್ನೂ ಖಚಿತವಾಗಿ ಹೇಳುವುದಿಲ್ಲ. ಫೋನಲ್ಲಿ ಕೇಳಬೇಡಿ.

ಫೋನಲ್ಲಿ ಹೇಳಬೇಕಾದ್ದು ಬೇರೆ ಇದೆ. ಯಾವಾಗ ಆಫ್ ಆಗುತ್ತದೆ? ಬ್ರೇಕ್ ಒತ್ತಿದಾಗ ಮಾತ್ರವೇ? ಹಾಗಾದರೆ ಎಂಜಿನ್ ಸೆಳೆತದಿಂದಲೇ ಬ್ರೇಕ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಮತ್ತು ಅದರ ಪೈಪ್ ನೋಡಬೇಕು. ಏಸಿ ಹಾಕಿದಾಗಲೇ? ಕಂಪ್ರೆಸರ್ ಹೊರೆ ಬಿದ್ದಾಗ ಐಡ್ಲಿಂಗ್ ಏರಿಸಿಕೊಳ್ಳಲು ಎಂಜಿನ್‌ಗೆ ಆಗುತ್ತಿಲ್ಲ. ಬಿಸಿಯಾದ ಮೇಲೆ ಆಫ್ ಆಗಿ, ತಣ್ಣಗಾಗುವವರೆಗೆ ಸ್ಟಾರ್ಟೇ ಆಗುವುದಿಲ್ಲವೇ? ಆಗ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಒಬ್ಬರು ಆರು ತಿಂಗಳು ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್ ಎಲ್ಲ ಬದಲಾಯಿಸಿಕೊಂಡು ಬಂದಿದ್ದರು. ಕೊನೆಗೆ ಪಕ್ಕದ ಸೀಟಲ್ಲಿದ್ದ ಅವರ ಹೆಂಡತಿ, "ಪೆಟ್ರೋಲ್ ಹಾಕಿಸಿದ ದಿನವೇ ಹಿಂಗಾಗೋದು, ನಾನು ಹೇಳಿದ್ರೆ ಇವರು ಕೇಳಲ್ಲ" ಅಂದರು. ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ಮುಚ್ಚಿಕೊಳ್ಳುತ್ತಿರಲಿಲ್ಲ. ಬಾಯಲ್ಲಿ ಊದಿದೆ, ಗಾಳಿ ಸರಾಗ ಆಚೆ ಹೋಯಿತು. ಕರೆಂಟ್ ಕೊಡದಿದ್ದಾಗ ಅದು ಮುಚ್ಚಿರಬೇಕಾದ ವಾಲ್ವ್. ಆಯಮ್ಮನ ಕಿವಿ ನನ್ನ ಸ್ಕ್ಯಾನರ್‌ಗಿಂತ ವಾಸಿ.

ಇನ್ನೊಂದು ಕೈಮುಗಿದು ಕೇಳುವ ವಿಷಯ. ವರ್ಕ್‌ಶಾಪ್‌ಗೆ ಬರುವ ಹಿಂದಿನ ರಾತ್ರಿ ಬ್ಯಾಟರಿ ಟರ್ಮಿನಲ್ ಬಿಚ್ಚಿ "ರೀಸೆಟ್" ಮಾಡಬೇಡಿ. ಎಷ್ಟೋ ಗಾಡಿಗಳಲ್ಲಿ ಕೋಡ್ ಅಳಿಸಿಹೋಗುತ್ತದೆ, ಇಸಿಯು ಕಲಿತಿಟ್ಟುಕೊಂಡ ಐಡ್ಲಿಂಗ್ ಲೆಕ್ಕವೂ ಹೋಗುತ್ತದೆ. ಥ್ರಾಟಲ್‌ನಲ್ಲಿ ಕಾರ್ಬನ್ ಕಟ್ಟಿದ್ದರೆ ಅಲ್ಲಿಯವರೆಗೆ ಹೇಗೋ ಐಡ್ಲಿಂಗ್ ಹಿಡಿದಿದ್ದ ಎಂಜಿನ್ ಬೆಳಿಗ್ಗೆ ಆಫ್ ಆಗುತ್ತಲೇ ಇರುತ್ತದೆ. ಸಾಕ್ಷಿ ತೊಳೆದು ಕಳ್ಳನನ್ನು ಹಿಡಿ ಅಂದ ಹಾಗೆ.

ಹೋದ ವಾರ ಬಂದ ಕಾರು ಆಯಿಲ್ ಬದಲಾಯಿಸಿದ ಮಾರನೇ ದಿನದಿಂದ ಆಫ್ ಆಗುತ್ತಿತ್ತು. ಅದೂ ಐಡ್ಲಿಂಗ್ ಏರಿಸಲೆಂದೇ ಬಂದದ್ದು. ಬಾನೆಟ್ ಎತ್ತಿ, ರೇಡಿಯೇಟರ್ ಫ್ಯಾನ್ ನಿಲ್ಲುವವರೆಗೆ ಕಾದು, ಒಂದು ಮೊಳ ರಬ್ಬರ್ ಪೈಪ್‌ನ ತುದಿ ಕಿವಿಗೆ ಹಿಡಿದೆ. ಇನ್ನೊಂದು ತುದಿಯನ್ನು ಎಂಜಿನ್ ಮೇಲೆ ಆಡಿಸುತ್ತ ಹೋದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಹತ್ತಿರ ಸಣ್ಣಗೆ 'ಸ್ಸ್' ಅಂತ ಕೇಳಿಸಿತು. ಹಳದಿ ಹಿಡಿ ಅರ್ಧ ಇಂಚು ಮೇಲೆದ್ದಿತ್ತು. ಆಯಿಲ್ ನೋಡಿದವರು ವಾಪಸ್ ಪೂರ್ತಿ ಒತ್ತಿರಲಿಲ್ಲ. ಎಂಜಿನ್ನಿನ ತಳಭಾಗವಾದ ಕ್ರ್ಯಾಂಕ್‌ಕೇಸ್‌ಗೆ ಹೊಕ್ಕ ಗಾಳಿ, ಅಲ್ಲಿನ ಆವಿಯನ್ನು ಆಚೆ ಎಳೆಯುವ ಪಿಸಿವಿ ಪೈಪ್ ಹಿಡಿದು ಮ್ಯಾನಿಫೋಲ್ಡ್‌ಗೆ ಹೋಗುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿದೆ. ಟಕ್ ಅಂತ ಕೂತಿತು. ನಡುಗುತ್ತಿದ್ದ ಎಂಜಿನ್ ಒಂದು ಸಲ ಮೇಲೆದ್ದು ಸಮವಾಯಿತು.

"ಎಷ್ಟಾಯ್ತು?" ಅಂದರು. ಏನೂ ಬೇಡ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಹೊರಡುವ ಮುಂಚೆ ಕಿಟಕಿ ಇಳಿಸಿ ಮತ್ತೆ ಕೇಳಿದರು, "ಐಡ್ಲಿಂಗೂ ಒಂಚೂರು ಏರಿಸಿದ್ದೀರಿ ತಾನೇ?"