ಶುಗರ್ ಇದ್ದವರು ಹಲ್ಲು ಕ್ಲೀನ್ ಮಾಡಿಸಬಹುದಾ?

ಪ್ರಶ್ನೆ: ಅಮ್ಮನಿಗೆ ಎಂಟು ವರ್ಷದಿಂದ ಶುಗರ್ ಇದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತೆ. ಕ್ಲೀನ್ ಮಾಡಿಸಿದರೆ ಇರೋ ಹಲ್ಲೂ ಸಡಿಲ ಆಗುತ್ತವೆ ಅಂತ ಅಕ್ಕಪಕ್ಕದವರು ಹೆದರಿಸಿದ್ದಾರೆ. ಏನು ಮಾಡೋಣ?
– ಓದುಗರು, ದಾವಣಗೆರೆ

ಮಾಡಿಸಿ. ಶುಗರ್ ಇದೆ ಅಂದ ಮೇಲಂತೂ ತಡ ಮಾಡಬೇಡಿ.

ಕ್ಲೀನಿಂಗ್‌ನಿಂದ ಹಲ್ಲು ಸಡಿಲ ಆಗುವುದಿಲ್ಲ. ವಸಡಿನ ಅಂಚಿನಲ್ಲಿ ಕೂತ ಪಾಚಿ ದಿನ ಕಳೆದಂತೆ ಗಟ್ಟಿಯಾಗಿ, ಹಲ್ಲಿನ ಸಂದಿ ತುಂಬಿಕೊಂಡಿರುತ್ತದೆ. ಅದರ ಅಡಿಯಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಂಡು, ಹಲ್ಲನ್ನು ಹಿಡಿದಿರುವ ಮೂಳೆಯೂ ಸವೆದಿರಬಹುದು. ಪಾಚಿ ತೆಗೆದ ಮೇಲೆ ಸಂದಿ ಕಾಣುತ್ತದೆ, ಹಲ್ಲು ಅಲ್ಲಾಡುವುದು ಗೊತ್ತಾಗುತ್ತದೆ. ಆದರೆ ಹಾನಿ ಮೊದಲೇ ಆಗಿತ್ತು. ಪಾಚಿ ತೆಗೆಸದೆ ಬಿಟ್ಟರೆ ಆ ಹಾನಿ ಇನ್ನೂ ಬೆಳೆಯುತ್ತದೆ ಅಷ್ಟೆ.

ಶುಗರ್ ಜಾಸ್ತಿ ಇದ್ದರೆ ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಬಾಯಿ ಒಣಗುವುದರಿಂದ ಹುಳುಕೂ ಬೇಗ ಹಿಡಿಯುತ್ತದೆ. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ: ವಸಡಿನ ರೋಗದಿಂದ ಶುಗರ್ ಹತೋಟಿಗೆ ತರುವುದೂ ಕಷ್ಟವಾಗುತ್ತದೆ. ಆ ಉರಿಯೂತ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ವಸಡಿನ ರೋಗ ಇದ್ದವರು ಸರಿಯಾಗಿ ಚಿಕಿತ್ಸೆ ಪಡೆದರೆ, ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹಾಗಂತ ಶುಗರ್ ಮಾತ್ರೆ ಬಿಡುವ ಹಾಗಿಲ್ಲ.

ರಕ್ತ ಬರುತ್ತೆ ಅಂತ ಆ ಜಾಗ ಉಜ್ಜದೆ ಬಿಡುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಮೆತ್ತನೆ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ರಾತ್ರಿಯದು ತಪ್ಪಿಸಲೇಬಾರದು. ಸಂಜೆ ತಿಂದ ಮಂಡಕ್ಕಿ ಸಂದಿಯಲ್ಲಿ ಹಾಗೇ ಉಳಿದಿರುತ್ತೆ ಅಲ್ವಾ? ಅಲ್ಲಿಗೆ ಬ್ರಷ್ ತಲುಪುವುದಿಲ್ಲ, ಸಂದಿ ಬ್ರಷ್ ಅಥವಾ ಹಲ್ಲಿನ ದಾರ ಬೇಕು. ಇದ್ದಿಲು ಪುಡಿ, ಹರಳುಪ್ಪು ಹಾಕಿ ತಿಕ್ಕುವುದು ಬೇಡ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರಿಗೆ ರಕ್ತ ಬರದೆಯೇ ವಸಡು ಹಾಳಾಗಿರಬಹುದು.

ನಿಮ್ಮ ಊರಲ್ಲಿ ಇದಕ್ಕೆ ದೂರ ಓಡಾಡಬೇಕಿಲ್ಲ. 1979ರಿಂದ ಇರುವ ಬಾಪೂಜಿ ದಂತ ಕಾಲೇಜಿದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ. ವಸಡಿನ ವಿಭಾಗಕ್ಕೆ ಚೀಟಿ ಮಾಡಿಸಿ.

ಅಮ್ಮನನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗಿ, ಆದರೆ ಖಾಲಿ ಹೊಟ್ಟೆಯಲ್ಲಿ ಬೇಡ. ತಿಂಡಿ ತಿಂದು, ಎಂದಿನ ಮಾತ್ರೆ ತಗೊಂಡೇ ಹೊರಡಲಿ. ಇತ್ತೀಚಿನ ಶುಗರ್ ರಿಪೋರ್ಟ್, ಮಾತ್ರೆಗಳ ಚೀಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ಅಲ್ಲಿ ಬೆವರು, ನಡುಕ, ತಲೆಸುತ್ತು ಬಂದರೆ ಶುಗರ್ ಇಳಿದಿರಬಹುದು, ತಕ್ಷಣ ಡಾಕ್ಟರಿಗೆ ತಿಳಿಸಿ.

ವಸಡಿನಲ್ಲಿ ಕೀವು, ಮುಖದ ಊತ ಅಥವಾ ಜ್ವರ ಇದ್ದರೆ ಮಾತ್ರ ಬೆಳಿಗ್ಗೆಗೆ ಕಾಯಬೇಡಿ, ಅವತ್ತೇ ತೋರಿಸಿ.