ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ

ಆ ತಾಯಿ ಮಗಳ ಫೈಲ್ ಜೊತೆಗೆ ಒಂದು ನೋಟ್‌ಬುಕ್ಕನ್ನೂ ತಂದಿದ್ದರು. ನಾಲ್ಕು ವರ್ಷದ ಮಗಳಿಗೆ ಶುಗರ್ ಇದೆ ಅಂತ ಗೊತ್ತಾಗಿ ಮೂರು ವಾರವಾಗಿತ್ತು. ಅಷ್ಟರಲ್ಲಿ ಮಗು ಹುಟ್ಟಿದಾಗಿನಿಂದ ತಿಂದದ್ದನ್ನೆಲ್ಲ ನೆನಪು ಮಾಡಿಕೊಂಡು ಬರೆದಿದ್ದರು. ಮೂರನೇ ದಿನ ಆಸ್ಪತ್ರೆಯಲ್ಲಿ ಡಬ್ಬಿ ಹಾಲು, ಎರಡು ಸಲ. ಐದನೇ ತಿಂಗಳಿಗೆ ರಾಗಿ ಸರಿ. ಏಳಕ್ಕೆ ಬಿಸ್ಕೆಟ್, ಹಾಲಿನಲ್ಲಿ ಅದ್ದಿ. ಒಂಬತ್ತಕ್ಕೆ ಹಸುವಿನ ಹಾಲು. ಕೆಲವು ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದರು.

"ಇದರಲ್ಲಿ ಯಾವುದರಿಂದ ಬಂತು, ಡಾಕ್ಟ್ರೇ?"

ಶಿವಮೊಗ್ಗದಲ್ಲಿ ಇಷ್ಟು ವರ್ಷದಿಂದ ಮಕ್ಕಳ ಶುಗರ್ ನೋಡುತ್ತಿದ್ದೇನೆ. ಈ ಪ್ರಶ್ನೆ ಕೇಳದ ತಾಯಿ ಸಿಗುವುದು ಅಪರೂಪ. ಅಪ್ಪಂದಿರು ಕೇಳುವುದು ಇಂಜೆಕ್ಷನ್ ಎಷ್ಟು ದಿನ ಅಂತ. ತಾಯಂದಿರು ಮಾತ್ರ ಹಿಂದಕ್ಕೆ ಹೋಗಿ ತಮ್ಮ ತಪ್ಪು ಹುಡುಕುತ್ತಾರೆ. ಹುಡುಕದಿದ್ದರೂ ಮನೆಯಲ್ಲಿ ಯಾರಾದರೊಬ್ಬರು "ಅಷ್ಟೊಂದು ಚಾಕ್ಲೇಟ್ ಕೊಡಬೇಡ ಅಂದಿರಲಿಲ್ವಾ" ಅಂದಿರುತ್ತಾರೆ.

ಚಾಕ್ಲೇಟ್ ವಿಷಯ ಮೊದಲು ಮುಗಿಸಿಬಿಡೋಣ. ಅಜ್ಜನಿಗೆ ಇರುವ ಶುಗರ್ ಬೇರೆ, ಇದು ಬೇರೆ. ಇದು ಟೈಪ್ 1. ರೋಗಾಣುಗಳನ್ನು ಹೊಡೆಯಬೇಕಾದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳ ಮೇಲೆ ತಿರುಗಿ ಬೀಳುತ್ತದೆ. ಅದಕ್ಕೇ ಇದನ್ನು ಆಟೋಇಮ್ಯೂನ್ ಕಾಯಿಲೆ ಅನ್ನುವುದು. ಸಿಹಿ ತಿಂದದ್ದಕ್ಕೆ ಈ ದಾಳಿ ಶುರುವಾಗುವುದಿಲ್ಲ.

ಹಾಗಂತ ಆ ತಾಯಿಯ ಪ್ರಶ್ನೆ ದಡ್ಡ ಪ್ರಶ್ನೆ ಏನಲ್ಲ. ಸಂಶೋಧಕರೂ ಎಷ್ಟೋ ವರ್ಷ ಇದನ್ನೇ ಕೇಳಿದ್ದಾರೆ. ದಾಳಿಯ ಗುರುತಾದ ಆಂಟಿಬಾಡಿಗಳು ಕಾಯಿಲೆ ಕಾಣಿಸಿಕೊಳ್ಳುವ ಎಷ್ಟೋ ಮೊದಲೇ ರಕ್ತದಲ್ಲಿ ಸಿಗುತ್ತವೆ. ಚಿಕ್ಕಂದಿನಲ್ಲೇ ಕಾಯಿಲೆ ಬರುವ ಮಕ್ಕಳಲ್ಲಿ ಅವು ಮೊದಲು ಕಾಣುವುದು ಹೆಚ್ಚಾಗಿ ಒಂಬತ್ತು ತಿಂಗಳಿಂದ ಎರಡು ವರ್ಷದ ಒಳಗೆ. ಎದೆಹಾಲು ಬಿಟ್ಟು ಬೇರೆ ಆಹಾರ ಶುರುವಾಗುವುದೂ ಅದರ ಆಸುಪಾಸಿನಲ್ಲೇ. ಅನುಮಾನ ಬರದೇ ಇರುತ್ತಾ?

ಫಿನ್ಲೆಂಡ್ ವಿಷಯ ಕೇಳಿ. ಟೈಪ್ 1 ಜಗತ್ತಿನಲ್ಲೇ ಅತಿ ಜಾಸ್ತಿ ಇರುವ ದೇಶ ಅದು. ಅಲ್ಲಿ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 60 ಮಂದಿಗೆ ಹೊಸದಾಗಿ ಬರುತ್ತದೆ. ನಮ್ಮ ಕರ್ನಾಟಕದ ನೋಂದಣಿ ಲೆಕ್ಕದಲ್ಲಿ ಅದು 4ರ ಹತ್ತಿರ. ವಂಶವಾಹಿಯ ಪಾತ್ರ ಇದರಲ್ಲಿ ದೊಡ್ಡದು, ಸರಿ. ಆದರೆ ಫಿನ್ಲೆಂಡಿನ ಗಡಿ ದಾಟಿದರೆ ರಷ್ಯಾದ ಕರೇಲಿಯಾ. ಆ ಜನರಲ್ಲೂ ಅಪಾಯದ ಜೀನ್‌ಗಳು ಹೆಚ್ಚುಕಡಿಮೆ ಅಷ್ಟೇ ಇವೆ. ಕಾಯಿಲೆ ಮಾತ್ರ ಆರರಲ್ಲಿ ಒಂದು ಪಾಲು. ಅಂದಮೇಲೆ ಬದುಕುವ ರೀತಿಯಲ್ಲೇ ಏನೋ ಇದೆ ಅಂತಾಯ್ತು.

ಮೊದಲು ಅನುಮಾನ ಬಿದ್ದದ್ದು ಹಸುವಿನ ಹಾಲಿನ ಮೇಲೆ. 1992ರಲ್ಲಿ ಒಂದು ವರದಿ ಬಂತು. ಫಿನ್ಲೆಂಡಿನಲ್ಲಿ ಹೊಸದಾಗಿ ಶುಗರ್ ಬಂದ 142 ಮಕ್ಕಳ ರಕ್ತ ನೋಡಿದರೆ, ಎಲ್ಲರಲ್ಲೂ ಹಸುವಿನ ಹಾಲಿನ ಒಂದು ಪ್ರೋಟೀನಿನ ವಿರುದ್ಧ ಆಂಟಿಬಾಡಿ ಜಾಸ್ತಿ ಇತ್ತು. ಆ ಪ್ರೋಟೀನಿನ ಒಂದು ತುಂಡು ಬೀಟಾ ಜೀವಕೋಶದ ಮೇಲಿನ ಒಂದು ಪ್ರೋಟೀನನ್ನು ಹೋಲುತ್ತದೆ, ದೇಹಕ್ಕೆ ಗುರುತು ತಪ್ಪುತ್ತದೆ ಅನ್ನುವ ವಾದ. ಕೇಳಲಿಕ್ಕೆ ಚೆನ್ನಾಗಿಯೇ ಇತ್ತು.

ಅದನ್ನು ಸರಿಯಾಗಿ ಪರೀಕ್ಷೆ ಮಾಡಿ ಮುಗಿಸಲು ಮುಂದೆ ಕಾಲು ಶತಮಾನ ಹಿಡಿಯಿತು. ಟ್ರಿಗರ್ ಅನ್ನುವ ಅಧ್ಯಯನ. 15 ದೇಶಗಳ 2159 ಶಿಶುಗಳು. ಎಲ್ಲರಿಗೂ ಹತ್ತಿರದ ರಕ್ತಸಂಬಂಧದಲ್ಲಿ ಟೈಪ್ 1 ಇತ್ತು, ಅಪಾಯದ ಜೀನ್ ಕೂಡ ಇತ್ತು. ಎದೆಹಾಲು ಸಾಲದೇ ಹೋದಾಗ ಅರ್ಧ ಮಕ್ಕಳಿಗೆ ಮಾಮೂಲಿ ಡಬ್ಬಿ ಹಾಲು ಕೊಟ್ಟರು. ಉಳಿದರ್ಧಕ್ಕೆ ಪ್ರೋಟೀನನ್ನು ಮೊದಲೇ ಚೂರು ಚೂರು ಮಾಡಿದ ವಿಶೇಷ ಹಾಲು. ಆಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಕಾದರು. 2018ರಲ್ಲಿ ಬಂದ ಫಲಿತಾಂಶ: ವಿಶೇಷ ಹಾಲು ಕುಡಿದವರಲ್ಲಿ 100ಕ್ಕೆ 8.4 ಮಂದಿಗೆ ಶುಗರ್, ಮಾಮೂಲಿ ಹಾಲಿನವರಲ್ಲಿ 7.6. ಅಂದರೆ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಇಲ್ಲ. ನಾನು ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಡಬ್ಬಿ ಹಾಲು ಅಂತ ಅಳುವ ತಾಯಂದಿರಿಗೆ ಅದನ್ನೇ ತೋರಿಸುವುದು.

ಇದೇ ಹಳೇ ಅನುಮಾನದ ಒಂದು ಕವಲು ಈಗ ನಮ್ಮ ಊರಿನ ಹಾಲಿನ ಅಂಗಡಿಗೂ ಬಂದಿದೆ. ನಾಟಿ ಹಸುವಿನ ಎ2 ಹಾಲು, ಲೀಟರಿಗೆ ದುಪ್ಪಟ್ಟು ರೇಟು, ಶುಗರ್ ಬರಲ್ಲ ಅನ್ನುವ ಮಾತು. ಇದರ ಮೂಲ 1990ರ ದಶಕದ ನ್ಯೂಜಿಲೆಂಡ್. ಎ1 ಅನ್ನುವ ಹಾಲಿನ ಪ್ರೋಟೀನ್ (ಎ2 ಹಾಲಿನಲ್ಲಿ ಇದು ಇರುವುದಿಲ್ಲ) ಜಾಸ್ತಿ ಸೇವಿಸುವ ದೇಶಗಳಲ್ಲಿ ಟೈಪ್ 1 ಕೂಡ ಜಾಸ್ತಿ ಅಂತ ದೇಶ ದೇಶದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೇಳಿದ್ದು. ಪಕ್ಕದಲ್ಲಿ ಕೂತ ಮಾತ್ರಕ್ಕೆ ಸಂಬಂಧಿಕರಾಗುತ್ತಾರಾ? ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಇದನ್ನೆಲ್ಲ ಪರಿಶೀಲಿಸಿ, ಅದರಿಂದಲೇ ಕಾಯಿಲೆ ಬರುತ್ತದೆ ಅನ್ನುವುದಕ್ಕೆ ಆಧಾರ ಸಾಲದು ಅಂತ ಹೇಳಿತು. ನಾಟಿ ಹಾಲಿನ ರುಚಿ ಇಷ್ಟವಾದರೆ ಕುಡಿಯಿರಿ. ಮಗುವಿಗೆ ಔಷಧಿ ಅಂತ ದುಡ್ಡು ಸುರಿಯಬೇಡಿ.

ಗೋಧಿಯ ಕತೆ ಇನ್ನೂ ಗೋಜಲು. 2003ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನ ಬಂದವು. ಮೂರು ತಿಂಗಳ ಒಳಗೇ ಗ್ಲುಟೆನ್ (ಗೋಧಿಯಂಥ ಧಾನ್ಯದಲ್ಲಿರುವ ಪ್ರೋಟೀನ್) ಇರುವ ಆಹಾರ ಕೊಟ್ಟರೆ ಆಂಟಿಬಾಡಿ ಬರುವ ಸಂಭವ ಜಾಸ್ತಿ ಅಂದಿತು ಜರ್ಮನಿಯದ್ದು. ಯಾವ ಧಾನ್ಯವೇ ಆಗಲಿ ತೀರಾ ಬೇಗ ಕೊಟ್ಟರೂ ಜಾಸ್ತಿ, ಏಳು ತಿಂಗಳು ದಾಟಿಸಿದರೂ ಜಾಸ್ತಿ ಅಂದಿತು ಅಮೆರಿಕದ ಡೆನ್ವರಿನದ್ದು. ಆಮೇಲೆ ಜರ್ಮನಿಯಲ್ಲೇ 150 ಶಿಶುಗಳಲ್ಲಿ ಪ್ರಯೋಗ ಮಾಡಿ, ಗ್ಲುಟೆನ್ನನ್ನು ಒಂದು ವರ್ಷದವರೆಗೆ ತಡೆದು ನೋಡಿದರು. ಏನೂ ಪ್ರಯೋಜನ ಕಾಣಲಿಲ್ಲ. ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಟೆಡ್ಡಿ ಅಧ್ಯಯನದಲ್ಲಿ ಒಂಬತ್ತು ತಿಂಗಳಿಗಿಂತ ತಡ ಮಾಡಿದವರಲ್ಲೇ ಅಪಾಯ ಸ್ವಲ್ಪ ಜಾಸ್ತಿ ಕಂಡಿತು. ನೀವು ತಲೆ ಕೆರೆದುಕೊಳ್ಳುತ್ತಿದ್ದರೆ ನಾವೂ ಅದನ್ನೇ ಮಾಡಿದ್ದು. ಅಂದಹಾಗೆ ನಮ್ಮ ರಾಗಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಕೆಂಪು ಗೆರೆ ಎಳೆದ ರಾಗಿ ಸರಿಗೂ ಈ ಜಗಳಕ್ಕೂ ಸಂಬಂಧವಿಲ್ಲ.

ವಿಟಮಿನ್ ಡಿ ಬಗ್ಗೆ ನನಗೆ ಕೊಂಚ ಆಸೆ ಇದೆ. ಫಿನ್ಲೆಂಡಿನ ಉತ್ತರ ಭಾಗದಲ್ಲಿ 1966ರಲ್ಲಿ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸಿದಾಗ, ಮೊದಲ ವರ್ಷ ತಪ್ಪದೇ ಡಿ ಹನಿ ಹಾಕಿಸಿಕೊಂಡವರಲ್ಲಿ ಟೈಪ್ 1 ಕಡಿಮೆ ಇತ್ತು. ಇದು ಗಮನಿಸಿದ್ದು ಅಷ್ಟೇ, ಪ್ರಯೋಗ ಮಾಡಿ ಸಾಬೀತು ಮಾಡಿದ್ದಲ್ಲ. 2003ರಿಂದ ಫಿನ್ಲೆಂಡಿನವರು ಡಿ ಬೆರೆಸುತ್ತಿರುವುದು ಯಾವುದಕ್ಕೆ ಗೊತ್ತಾ? ಹಸುವಿನ ಹಾಲಿಗೇ.

ಇನ್ನು ನನ್ನದೇ ಒಂದು ತಪ್ಪು ಹೇಳುತ್ತೇನೆ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ ದಿನಗಳು. ಐದು ವರ್ಷದ ಹುಡುಗ, ಎಂದೋ ಬಿಟ್ಟಿದ್ದ ಅಭ್ಯಾಸ ವಾಪಸ್ ಬಂದು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದ. ಯೂರಿನ್ ಇನ್ಫೆಕ್ಷನ್ ಇರಬೇಕು ಅಂತ ಔಷಧಿ ಬರೆದೆ. "ಬಚ್ಚಲಲ್ಲಿ ಅವನು ಉಚ್ಚೆ ಮಾಡಿದ ಕಡೆಯೆಲ್ಲ ಇರುವೆ ಮುತ್ತುತ್ತವೆ" ಅಂತ ಅವನಜ್ಜಿ ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮೂರನೇ ದಿನ ಎತ್ತಿಕೊಂಡು ಬಂದರು. ಜೋರು ಉಸಿರು, ವಾಂತಿ, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ. ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಸುಡತೊಡಗಿ ರಕ್ತ ಆಮ್ಲವಾಗಿತ್ತು. ಐಸಿಯುನಲ್ಲಿ ನಾಲ್ಕು ದಿನ ಇಟ್ಟು ಉಳಿಸಿಕೊಂಡೆವು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಗ್ಲೂಕೋಮೀಟರ್ ಸ್ಟ್ರಿಪ್ಪಿಗೆ ಹಾಕಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಅಂದಿನಿಂದ ಜಾಸ್ತಿ ನೀರು ಕುಡಿಯುವ, ಜಾಸ್ತಿ ಉಚ್ಚೆ ಹೋಗುವ, ಸುಮ್ನೆ ತೂಕ ಇಳಿಯುವ ಮಗು ಬಂದರೆ ಸ್ಟೆತಸ್ಕೋಪ್ ಇಡುವ ಮೊದಲೇ ಬೆರಳು ಚುಚ್ಚುತ್ತೇನೆ. ಊಟ ಬದಲಾಯಿಸಿ ಈ ಕಾಯಿಲೆಯನ್ನು ತಡೆಯುವ ದಾರಿ ಇವತ್ತಿಗೆ ಇಲ್ಲ. ಬೇಗ ಹಿಡಿಯುವ ದಾರಿ ಇದೆ, ಖರ್ಚೂ ಕಡಿಮೆ.

ನೋಟ್‌ಬುಕ್ಕಿನ ತಾಯಿಗೆ ಇದನ್ನೆಲ್ಲ ಹೇಳುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಹೊರಗೆ ಕ್ಯೂನಲ್ಲಿದ್ದವರು ಬಾಗಿಲು ತಳ್ಳಿ ಇಣುಕಿ ನೋಡುತ್ತಿದ್ದರು. ಆಕೆಯ ನಿಜವಾದ ಚಿಂತೆ ಬಂದದ್ದು ಕೊನೆಗೆ. ಅಜ್ಜಿಯ ಮಡಿಲಲ್ಲಿ ಇನ್ನೊಂದು ಮಗು ಇತ್ತು, ಐದು ತಿಂಗಳ ತಮ್ಮ. ಅವನಿಗೂ ಬರುತ್ತಾ?

ಹೊರದೇಶದ ಲೆಕ್ಕದಲ್ಲಿ ಒಡಹುಟ್ಟಿದವರಿಗೆ ಬರುವ ಸಂಭವ 100ಕ್ಕೆ 5ರ ಆಸುಪಾಸು ಅಂದೆ. ಉಳಿದ 95 ಮಂದಿಗೆ ಬರುವುದಿಲ್ಲ ಅನ್ನುವುದನ್ನೂ ಸೇರಿಸಿ ಹೇಳಿದೆ.

"ಹಾಗಾದ್ರೆ ಇವನಿಗೆ ಏನು ಕೊಡಲಿ?"

"ಎಲ್ಲ ಮಕ್ಕಳಿಗೆ ಕೊಡೋದೇ. ಆರು ತಿಂಗಳು ತುಂಬೋವರೆಗೆ ಎದೆಹಾಲು. ಆಮೇಲೆ ರಾಗಿ ಸರಿ, ಬೇಳೆ ಅನ್ನ, ತರಕಾರಿ, ಮೊಟ್ಟೆ. ಗೋಧಿಯನ್ನೂ ತಡೆಯಬೇಡಿ. ಡಿ ಹನಿ ದಿನಕ್ಕೆ 400 ಯೂನಿಟ್, ವರ್ಷ ತುಂಬೋ ತನಕ ತಪ್ಪಿಸಬೇಡಿ."

ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿ ಕೇಳಿದರು, "ಹಸೀನ ಹಾಲು ಕೊಡಬಹುದಾ?"

"ವರ್ಷ ತುಂಬಲಿ ಅಜ್ಜಿ. ಅದು ಶುಗರ್‌ಗಲ್ಲ. ಈಗಲೇ ಹೊಟ್ಟೆ ತುಂಬಾ ಅದನ್ನೇ ಕುಡಿಸಿದರೆ ಕಬ್ಬಿಣದ ಅಂಶ ಕಡಿಮೆ ಆಗಿ ರಕ್ತಹೀನತೆ ಬರುತ್ತೆ."

"ನಾಟಿ ಹಸೀಂದೇ ಆಗಬೇಕಾ?"

"ನಿಮ್ಮ ಕೊಟ್ಟಿಗೇಲಿ ಯಾವುದಿದೆ?"

"ಜರ್ಸಿ."

"ಅದೇ ಸಾಕು. ಚೆನ್ನಾಗಿ ಕಾಯಿಸಿ ಕೊಡಿ."